ಸೇತುವೆಯನ್ನು ಉರುಳಿಸುವ ಬಗ್ಗೆ

ಮುಖ್ಯ ಇಂಜಿನಿಯರ್ ಮೇಡಂ ಅವರನ್ನು ನಾನು ಮೊದಲ ಸಲ ಕಂಡದ್ದು ಸಂದರ್ಶನದ ದಿನ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಸೇತುವೆಗಳ ನಿರ್ವಹಣಾ ಕಚೇರಿಯ ಮೂರನೇ ಮಹಡಿ. ಮೇಜಿನ ಮೇಲೆ ಮುಚ್ಚಳ ಹಾಕಿದ ನೀರಿನ ಲೋಟ, ಒಂದು ಅಳತೆಪಟ್ಟಿ, ಒಂದು ಕೆಂಪು ಪೆನ್ನು. ಅವರು ನನ್ನ ಅರ್ಜಿಯನ್ನು ಓದುತ್ತಿದ್ದರು. ಒಂದೇ ಒಂದು ಪುಟ, ನಾಲ್ಕು ನಿಮಿಷ! ನಾನು ನಿಂತೇ ಇದ್ದೆ. ಕುರ್ಚಿ ಇತ್ತು, ಕೂರಲು ಧೈರ್ಯವಿರಲಿಲ್ಲ.

"ಇದನ್ನ ಬರೆದ ಮೇಲೆ ಒಂದ್ಸಲ ಓದಿದ್ರಾ?"

"ಓದಿದೆ ಮೇಡಂ. ಮೂರು ಸಲ."

"ಇದರ ಪ್ರಕಾರ ನೀವು ಹೋದ ಮಂಗಳವಾರ ಹುಟ್ಟಿದ್ದೀರಿ."

ಅರ್ಜಿಯ ದಿನಾಂಕವನ್ನು ಹುಟ್ಟಿದ ದಿನಾಂಕದ ಜಾಗದಲ್ಲಿ ಬರೆದಿದ್ದೆ. ನೆಲ ಬಾಯಿಬಿಟ್ಟು ನನ್ನನ್ನು ನುಂಗಲಿ ಎಂದು ಕಾದೆ. ಮೂರನೇ ಮಹಡಿಯಾದ್ದರಿಂದ ಅದೂ ಆಗಲಿಲ್ಲ. ಮೇಡಂ ಕೆಂಪು ಪೆನ್ನಿನಿಂದ ಸುತ್ತು ಹಾಕಿ, "ಆರು ದಿನದ ಕೂಸಿಗೆ ಅಕ್ಷರ ದುಂಡಗಿದೆ" ಎಂದರು. ಕೆಲಸ ಕೊಟ್ಟರು, ಎರಡು ವರ್ಷದ ಪ್ರೊಬೇಷನ್ ಮೇಲೆ.

ಕಾಗದ ಬಂದರೆ ಎದ್ದು ನಿಲ್ಲುವ ಮನೆ ನಮ್ಮದು. ಅಂಚೆಯವನು ಅಂಗಳಕ್ಕೆ ಕಾಲಿಟ್ಟರೆ ಅಪ್ಪ ನೊಗ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಿದ್ದ. ಓದಲು ಬರದವನಿಗೆ ಪ್ರತಿ ಕಾಗದವೂ ಆಪತ್ತೇ. ಆ ವಂಶದಲ್ಲಿ ಮೊದಲ ಪದವೀಧರನಾದ ನಾನು ಅಂದೇ ಮೆಟ್ಟಿಲ ಮೇಲೆ ನಿಂತು ಶಪಥ ಮಾಡಿದೆ. ಇನ್ನು ಮುಂದೆ ನನ್ನ ಕೈಯಿಂದ ಹೊರಟ ಕಾಗದದಲ್ಲಿ ತಪ್ಪು ಹುಡುಕುವವರು ಈ ಭೂಮಂಡಲದಲ್ಲೇ ಇರಕೂಡದು!

ಒಂದು ವರ್ಷ, ಹನ್ನೊಂದು ತಿಂಗಳು, ಮೂರು ವಾರ ಶಪಥ ನಡೆಯಿತು. ಇನ್ನೊಂದೇ ವಾರ ಕಳೆದರೆ ಕೆಲಸ ಖಾಯಂ. ಆಗ ನಮ್ಮ ಮನೆಯ ಮೇಲೆ ಯುದ್ಧವಿಮಾನಗಳು ಹಾರಿ ಬಂದವು.

ನನ್ನ ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ದಿನವಿಡೀ "ಕೆಳಗಿನ ಸಾಲು ಓದಿ, ಇನ್ನೂ ಕೆಳಗೆ" ಎಂದು ಜನರನ್ನು ಪೀಡಿಸಿ ಸಂಜೆ ಮನೆಗೆ ಬಂದು ವಿಡಿಯೋ ಗೇಮ್ ಆಡುತ್ತಾಳೆ. ಅವಳದು ಒಂದೇ ಆಟ, ಯುದ್ಧವಿಮಾನದ್ದು. ಒಟ್ಟು ಐದು ಭಾಗ. ಎಲ್ಲೂ ಇಲ್ಲದ ಎರಡು ದೇಶಗಳು, ಎಂದೂ ಮುಗಿಯದ ಒಂದು ಯುದ್ಧ. ಅವಳು ಹಾರಿಸುತ್ತಾಳೆ, ನಾನು ಪಕ್ಕದಲ್ಲಿ ಕೂತು ಹೆದರುತ್ತೇನೆ. ವಿಮಾನ ಮಗುಚಿದರೆ ಸೋಫಾದ ತೋಳು ಹಿಡಿಯುತ್ತೇನೆ.

ಜಗಳ ಹುಟ್ಟಿದ್ದು ನಾಲ್ಕನೇ ಭಾಗದ ಒಂದು ಸೇತುವೆಯಿಂದ. ಅದನ್ನು ಉರುಳಿಸು ಎಂದು ಮೇಲಿನಿಂದ ಆದೇಶ ಬರುತ್ತದೆ. ಎತ್ತರದಲ್ಲೇ ಹಾರುತ್ತ ಗುಂಡಿ ಒತ್ತಿದರೆ ಪದಕ. ಕೆಳಗಿಳಿದು ನೋಡಿದರೆ ಮಾತ್ರ ತಿಳಿಯುವುದು, ಸೇತುವೆಯ ಮೇಲೆ ಗಂಟುಮೂಟೆ ಹೊತ್ತ ಜನ ಊರು ಬಿಟ್ಟು ಓಡುತ್ತಿದ್ದಾರೆಂದು. ನನ್ನವಳು ಇಳಿದು ನೋಡಿದಳು. ಬಾಂಬ್ ಹಾಕದೆ ವಾಪಸ್ ಬಂದಳು. ಪದಕ ಹೋಯಿತು!

"ಆದೇಶ ಮೀರಿದೆಯಲ್ಲೇ!" ನಾನು ಸೋಫಾದಿಂದ ಎದ್ದೇಬಿಟ್ಟೆ. "ಮೇಲಿನೋರು ಏನಂತಾರೆ?"

"ಮೇಲಿನೋರಿಗೆ ಕಣ್ಣು ಪರೀಕ್ಷೆ ಮಾಡಿಸ್ಬೇಕು. ಕೆಳಗೆ ಜನ ಇದ್ದಾರೆ ಕಣ್ರೀ!"

"ಪೈಲಟ್ ಕೆಲಸ ಹಾರಿಸೋದು. ಯೋಚನೆ ಮಾಡೋಕೆ ಬೇರೆಯವರಿಗೆ ಸಂಬಳ ಕೊಡ್ತಾರೆ. ವಿಮಾನದ ಆಟಕ್ಕೆ ಇಷ್ಟುದ್ದ ಕಥೆ ಯಾಕೆ ಬೇಕಿತ್ತು? ಶತ್ರು ಬಂದ, ಹೊಡೆದ್ವಿ, ಮುಗೀತು!"

"ಕಥೆ ಇಲ್ದೇ ಇದ್ರೆ ಅದು ಬರೀ ಪಟಾಕಿ. ಐದನೇ ಭಾಗ ಆಡಿದ್ಮೇಲೆ ಗೊತ್ತಾಗತ್ತೆ. ಇಲ್ಲಿ ಗುಂಡಿ ಒತ್ತಿ ಪದಕ ತಗೊಂಡವನು ಅಲ್ಲಿ ಒಂದು ರಾತ್ರಿನೂ ನಿದ್ದೆ ಮಾಡಲ್ಲ."

"ಅದು ಅವನ ಆರೋಗ್ಯದ ಸಮಸ್ಯೆ. ಆದೇಶ ಪಾಲಿಸಿದವನ ತಪ್ಪೇನೂ ಇಲ್ಲ."

"ಬಾಯಲ್ಲಿ ಹೇಳ್ಬೇಡಿ. ಬರೆದು ಕೊಡಿ, ನೋಡೋಣ!"

ಬರೆದು ಕೊಡಿ ಎಂದಳೇ? ನನಗೆ! ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತೆ. ಎರಡು ವರ್ಷದ ಅಭ್ಯಾಸ ನೋಡಿ, ನನಗೆ ಕಂಡಿಕೆ ಸಂಖ್ಯೆ ಹಾಕದೆ ಯೋಚಿಸಲಿಕ್ಕೇ ಬರುವುದಿಲ್ಲ. ಹಸಿರು ಅಂಚಿನ ಟಿಪ್ಪಣಿ ಹಾಳೆ ತೆಗೆದು ಶಿರೋನಾಮೆ ಬರೆದೆ: "ವಿಷಯ: ಸೇತುವೆಯನ್ನು ಉರುಳಿಸುವ ಬಗ್ಗೆ." ಹದಿಮೂರು ಕಂಡಿಕೆಗಳಾದವು. ನ್ಯಾಯವಾಗಿ ಹನ್ನೆರಡನೆಯದನ್ನು "ಪತ್ನಿಯ ಭಿನ್ನಾಭಿಪ್ರಾಯ"ಕ್ಕೆ ಬಿಟ್ಟುಕೊಟ್ಟೆ. ಅದನ್ನು ಅವಳೇ ಹೇಳಿ ಬರೆಸಿದಳು. "ಆಟ" ಎಂಬ ಶಬ್ದವನ್ನು ಮಾತ್ರ ಎಲ್ಲೂ ಬಳಸಲಿಲ್ಲ. ಟಿಪ್ಪಣಿಯ ಗಾಂಭೀರ್ಯ ಕೆಡಬಾರದಲ್ಲ! ಎಲ್ಲವನ್ನೂ ಒಂದು ರಟ್ಟಿನ ಕಡತಕ್ಕೆ ಹಾಕಿ, ದಾರ ಬಿಗಿದು, ಮೇಜಿನ ಮೇಲಿಟ್ಟೆ.

ಪ್ರತಿ ಮಾಡಲೆಂದು ಕಚೇರಿಯಿಂದ ತಂದಿದ್ದ ಇನ್ನೊಂದು ಕಡತವೂ ಅದೇ ಮೇಜಿನ ಮೇಲಿತ್ತು. ಅದೂ ರಟ್ಟಿನದೇ. ಅದಕ್ಕೂ ದಾರ. ಅದರ ವಿಷಯ: ಹಳೆ ಸೇತುವೆಯ ಕಂಬಿಗಳಿಗೆ ಬಣ್ಣ ಬಳಿಯುವ ಬಗ್ಗೆ.

ಸೋಮವಾರ ಕಚೇರಿಗೆ ಹೋದವನೇ ಬ್ಯಾಗಿನಿಂದ ಕಡತ ತೆಗೆದು ಸೂಪರಿಂಟೆಂಡೆಂಟರ ಮುಂದಿಟ್ಟೆ. ಅವರ ಅಡ್ಡಹೆಸರು ಠಸ್ಸೆ ಮಾವ. ನನ್ನನ್ನು ಖಾಯಂ ಮಾಡಬಹುದೇ ಬೇಡವೇ ಎಂದು ವರದಿ ಬರೆಯಬೇಕಾದವರು ಅವರೇ. ಮಾವ ಎಡಗೈಯಲ್ಲಿ ಫೋನ್ ಹಿಡಿದು ಬಲಗೈಯಲ್ಲಿ ಸಹಿ ಮಾಡಿ, "ಪರಿಶೀಲಿಸಿದೆ" ಎಂಬ ಠಸ್ಸೆಯನ್ನು ಧಡ್ ಎಂದು ಒತ್ತಿದರು. ಕಡತ ಮುಂದಕ್ಕೆ ಹೋಯಿತು.

ಹನ್ನೊಂದೂವರೆಗೆ ಹೆಂಡತಿಯ ಫೋನ್. ಅವಳಿಗೆ ಅಂದು ಆಸ್ಪತ್ರೆಯಲ್ಲಿ ವಾರದ ರಜೆ.

"ರೀ, ನೀವು ಬರೆದಿದ್ದನ್ನ ಓದೋಣ ಅಂತ ಬಿಚ್ಚಿದೆ. ಒಳಗೆ ಬರೀ ಬಣ್ಣದ ಲೆಕ್ಕ ಇದೆಯಲ್ರೀ?"

ಹಳೆ ದಾಖಲೆಗಳ ಕೋಣೆಗೆ ನುಗ್ಗಿ, ಎರಡು ಕಪಾಟುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದೆ.

"ಸೇತುವೆ ಉರುಳಿಸೋದು ಇಲ್ಲಿಗೆ ಬಂದ್ಬಿಟ್ಟಿದೆ ಕಣೇ!"

"ಅಯ್ಯೋ! ಯಾರಾದ್ರೂ ಓದಿದ್ರಾ?"

"ಓದಿಲ್ಲ. ಸಹಿ ಹಾಕಿದ್ದಾರೆ."

ಆ ಕಡೆ ನಗು. ಈ ಕಡೆ ನನಗೆ ನಾನೇ ಬರೆದದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಕಂಡಿಕೆ ನಾಲ್ಕು: ನಡುಗಂಬಕ್ಕೆ ಎರಡು ಕ್ಷಿಪಣಿ ಸಾಕು. ಕಂಡಿಕೆ ಆರು: ಜನಸಂಚಾರವಿದ್ದರೂ ಕೆಲಸ ನಿಲ್ಲಿಸತಕ್ಕದ್ದಲ್ಲ. ಕಂಡಿಕೆ ಏಳು: ವಿಷಯವನ್ನು ಗುಪ್ತವಾಗಿಡುವುದು! ಕೆಳಗೆ ನನ್ನ ಹೆಸರು, ಹುದ್ದೆ, ದುಂಡಗಿನ ಸಹಿ. ಸೇತುವೆ ಕಾಯುವ ಕಚೇರಿಯ ಗುಮಾಸ್ತನೇ ಸೇತುವೆಗೆ ಮುಹೂರ್ತ ಇಟ್ಟ ಹಾಗೆ! ಪೊಲೀಸ್ ಜೀಪಿನಲ್ಲಿ ನಾನು, ಅಂಗಳದಲ್ಲಿ ಎದ್ದು ನಿಂತ ಅಪ್ಪ, ಎಲ್ಲವೂ ಕಣ್ಣಿಗೆ ಕಟ್ಟಿತು.

"ಹೋಗಿ ಎತ್ಕೊಂಡು ಬನ್ನಿ!" ಎಂದಳು.

ಓಡಿದೆ. ಸಹಾಯಕ ಇಂಜಿನಿಯರರ ಮೇಜಿನ ಮೇಲೆ ಕಡತವಿಲ್ಲ, ಸಹಿಯಾಗಿ ಹೋಗಿತ್ತು. ಉಪಮುಖ್ಯ ಇಂಜಿನಿಯರರ ಮೇಜಿನ ಮೇಲೂ ಇಲ್ಲ, ಅಲ್ಲೂ ಸಹಿಯಾಗಿತ್ತು. ಎರಡು ವರ್ಷದಲ್ಲಿ ಒಂದು ಕಡತವೂ ಇಷ್ಟು ವೇಗವಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ. ಬಣ್ಣದ ಕಡತ ಎರಡು ತಿಂಗಳು ಕೂತಿತ್ತು. ಬಾಂಬಿನ ಕಡತಕ್ಕೆ ಎರಡು ಗಂಟೆ ಸಾಕಾಯಿತು! ಮೂರನೇ ಮಹಡಿಯ ಬಾಗಿಲಲ್ಲಿ ಜವಾನ ನನ್ನನ್ನೇ ಕಾಯುತ್ತಿದ್ದ.

"ಮೇಡಂ ಕರೀತಿದ್ದಾರೆ. ಮುಖ ಸರಿ ಇಲ್ಲ."

"ಯಾರದ್ದು?"

"ಇಬ್ಬರದ್ದೂ."

ಒಳಗೆ ಠಸ್ಸೆ ಮಾವ ಆಗಲೇ ನಿಂತಿದ್ದರು. ಏತಕ್ಕೆ ಕರೆದರೆಂದು ಅವರಿಗೆ ಗೊತ್ತಿದ್ದ ಹಾಗಿರಲಿಲ್ಲ, ಓದಿದ್ದರೆ ತಾನೆ! ಮೇಡಂ ಮುಂದೆ ನನ್ನ ಕಡತ ತೆರೆದಿತ್ತು. ಹದಿಮೂರು ಕಂಡಿಕೆಗೂ ಕೆಂಪು ಗೆರೆ ಬಿದ್ದಿತ್ತು.

"ಇದು ಯಾವ ಸೇತುವೆ?"

"ಆ... ಆಟದ್ದು ಮೇಡಂ. ವಿಡಿಯೋ ಗೇಮ್. ನಾಲ್ಕನೇ ಭಾಗ." ಅಷ್ಟಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ಭಯಕ್ಕೆ ಬಾಯಿ ನಿಲ್ಲಲಿಲ್ಲ. ದೇಶಗಳು, ಪದಕ, ಗಂಟುಮೂಟೆಯ ಜನ, ಹೆಂಡತಿ ಕೆಳಗಿಳಿದು ನೋಡಿದ್ದು, ಎಲ್ಲವನ್ನೂ ಒಂದೇ ಉಸಿರಲ್ಲಿ ಒದರಿಬಿಟ್ಟೆ. ಮೇಡಂ ತಡೆಯಲಿಲ್ಲ.

"ಕಂಡಿಕೆ ಒಂಬತ್ತು ಓದಿ."

ಓದಿದೆ. "ಆದೇಶ ಪಾಲಿಸಿದವನ ಮೇಲೆ ಯಾವ ದೋಷವೂ ಇಲ್ಲ. ಮುಂದಿನದನ್ನು ಮೇಲಿನವರು ನೋಡಿಕೊಳ್ಳುತ್ತಾರೆ."

ಮೇಡಂ ಕೊನೆಯ ಪುಟ ತಿರುವಿದರು. ಮೂರು ಸಹಿ. ಮೂರರ ಪಕ್ಕದಲ್ಲೂ "ಪರಿಶೀಲಿಸಿದೆ". "ಎರಡು ಕ್ಷಿಪಣಿ ಹಾಕೋದಕ್ಕೆ ಮೂರು ಜನ ಒಪ್ಪಿಗೆ ಕೊಟ್ಟಿದ್ದಾರೆ. ನಾನೂ ಒಂದು ಸಹಿ ಹಾಕಿದ್ರೆ ಆದೇಶ ಹೊರಡ್ತಿತ್ತು. ನೀವೇ ಹೇಳಿ. ಇವರ ಮೇಲೆ ದೋಷ ಇದೆಯೋ, ಇಲ್ವೋ?"

ಇದೆ ಎಂದರೆ ಪಕ್ಕದಲ್ಲೇ ಮಾವ. ನನ್ನ ವರದಿ ಇನ್ನೂ ಅವರ ಖಾನೆಯಲ್ಲಿದೆ. ಇಲ್ಲ ಎಂದರೆ ಎದುರಿಗೆ ಮೇಡಂ. ಅವರ ಕೈಯಲ್ಲಿ ಕೆಂಪು ಪೆನ್ನಿದೆ. ಮಾವ ನನ್ನ ಕಡೆ ನೋಡಿದ ನೋಟದಲ್ಲಿ ಅವರ ಮೂವತ್ತು ವರ್ಷದ ಸೇವೆ ಕೈ ಮುಗಿಯುತ್ತಿತ್ತು.

"ಮೇಡಂ," ಎಂದೆ. "ಮೊದಲು ನೋಡದೇ ಇಟ್ಟವನು ನಾನು. ದಾರ ಬಿಚ್ಚಿದ್ರೆ ಗೊತ್ತಾಗ್ತಿತ್ತು. ಬಿಚ್ಚಲಿಲ್ಲ. ನಂತರದವರೆಲ್ಲ ನನ್ನ ಹಿಂದೆ ಹಾರಿದವರು. ಎಲ್ಲರ ಮೇಲೂ ಇದೆ ಮೇಡಂ. ಮೊದಲು ನನ್ನ ಮೇಲೆ. ಒಂಬತ್ತನೇ ಕಂಡಿಕೆ ತಪ್ಪು."

ಮಾವ ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ತೆರೆದಾಗ ಮೇಡಂ ಏನೋ ಬರೆಯುತ್ತಿದ್ದರು. ಕಡತವನ್ನು ನನ್ನ ಕಡೆ ತಿರುಗಿಸಿ, "ಇಬ್ಬರೂ ಹೋಗಿ. ಬಣ್ಣದ್ದು ನಾಳೆ ತನ್ನಿ. ಓದಿ ತನ್ನಿ" ಎಂದರು.

ಹೊರಗೆ ಬಂದ ಮೇಲೆ ಮಾವ ನನ್ನನ್ನು ಗೋಡೆಯ ಪಕ್ಕಕ್ಕೆ ಎಳೆದರು. "ಎಲ್ಲರ ಮೇಲೂ ಅಂದ್ಯಲ್ಲಪ್ಪ..." ಎಂದರು, ಆಮೇಲೆ ನಿಟ್ಟುಸಿರಿಟ್ಟರು. "ನಿಜಾನೇ ಬಿಡು." ಅಂದು ಮಧ್ಯಾಹ್ನ ಅವರು ಒಂದು ಕಡತ ಓದಿದ್ದನ್ನು ಇಡೀ ಕಚೇರಿ ಕಣ್ಣಾರೆ ಕಂಡಿತು.

ಶುಕ್ರವಾರ ಖಾಯಮಾತಿಯ ಆದೇಶ ಕೈಗೆ ಬಂತು. ನನ್ನ ಹೆಸರಿನ ಸಾಲನ್ನು ಎರಡು ಸಲ ಓದಿ ಜೇಬಿಗಿಟ್ಟು, ಎದೆಯುಬ್ಬಿಸಿ ಮನೆಗೆ ಹೋದೆ. ಹೆಂಡತಿ ಕಾಗದವನ್ನು ಕಸಿದುಕೊಂಡು ನೇರ ಕೊನೆಯ ಸಾಲಿಗೇ ಹೋದಳು. ವೃತ್ತಿದೋಷ!

"ರೀ, ಇದನ್ನ ಓದಿದ್ರಾ? ಕೆಳಗೆ, ಕೆಂಪು ಶಾಯಿಲಿ!"

ಓದಿರಲಿಲ್ಲ. ಅವಳು ಗಟ್ಟಿಯಾಗಿ ಓದಿದಳು: "ಸೇತುವೆ ಕಡತದ ಕಂಡಿಕೆ ಹನ್ನೆರಡರಲ್ಲಿ, 'ಕೆಳಗೆ ನೋಡದೆ ಗುಂಡಿ ಒತ್ತಿದವನೇ ಮೊದಲ ತಪ್ಪಿತಸ್ಥ' ಎಂದು ವ್ಯಕ್ತವಾಗಿರುವ ವಿವೇಕವನ್ನು ಪರಿಗಣಿಸಿ, ನೌಕರನನ್ನು ಖಾಯಂಗೊಳಿಸಿದೆ."

"ಹನ್ನೆರಡು ನಂದು!" ಸೋಫಾದ ಮೇಲೆ ಹಾರಿ ಕೂತಳು. "ಖಾಯಂ ಆಗಿದ್ದು ನಾನು ಕಣ್ರೀ! ನೀವು ನನ್ನ ಬದಲಿಗೆ ಹೋಗಿ ಬರ್ತೀರಿ, ಅಷ್ಟೆ!"

ವಾದ ಮಾಡಲು ಬಾಯಿ ತೆರೆದೆ. ಕಂಡಿಕೆ ಸಂಖ್ಯೆ ಹೊಳೆಯಲಿಲ್ಲ. ಮುಚ್ಚಿದೆ.

ಮೇಡಂ ಕಳೆದ ವರ್ಷ ನಿವೃತ್ತರಾದರು. ಈಗ ಅವರ ಮನೆಯಲ್ಲೂ ಆ ಆಟದ ಐದೂ ಭಾಗಗಳಿವೆ. ಇದುವರೆಗೆ ಒಂದು ಬಾಂಬೂ ಹಾಕಿಲ್ಲ. ದಿನಾ ಸಂಜೆ ವಿಮಾನವನ್ನು ತೀರಾ ಕೆಳಕ್ಕೆ ಇಳಿಸಿ, ಎರಡೂ ದೇಶಗಳ ಸೇತುವೆಗಳ ಅಡಿಯಲ್ಲಿ ನಿಧಾನವಾಗಿ ಹಾರುತ್ತ, ಕಂಬಗಳಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾರೆ.