ಪೋಸ್ಟ್ ಮಾವನ ಬಾಡಿಗೆ ಪೆಟ್ಟಿಗೆ

"ಇನ್ನು ಮೇಲೆ ನಿನ್ನ ಒಂದೇ ಒಂದು ಪಾರ್ಸೆಲ್ ಗೇಟಿನ ಮೇಲಿಂದ ಹಾರಿ ಬಿತ್ತೋ, ನಾನು ಮೀಸೆ ಬೋಳಿಸಿಕೊಳ್ಳುತ್ತೇನೆ" ಎಂದು ಪೋಸ್ಟ್ ಮಾವ ಹೆಂಡತಿಯೆದುರು ಘೋಷಿಸಿದರು. ಪೋಸ್ಟ್‌ಮನ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಬೀದಿಯವರೆಲ್ಲ ಅವರನ್ನು ಕರೆಯುವುದು ಹಾಗೆಯೇ. ಖಾಕಿ ಚೀಲವೂ ಸೈಕಲ್ಲಿನಲ್ಲಿ ಇನ್ನೂ ನೇತಾಡುತ್ತಿತ್ತು.

ಕೋಪಕ್ಕೆ ಕಾರಣವಿತ್ತು. ಹೆಂಡತಿಗೆ ಅವಳ ಅಮ್ಮನಿಂದ ಬಂದ ಹೊಲಿಗೆ ಯಂತ್ರ ಕೆಟ್ಟು ಕೂತಿತ್ತು. ಅದರ ದಾರದ ಉರುಳೆ ಕೂರಿಸುವ ಬಾಬಿನ್ ಕೇಸ್ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವಳ ತವರಿನ ಕಾಲದ ಮುದಿ ಮೆಕ್ಯಾನಿಕ್ ಒಂದನ್ನು ಹುಡುಕಿ ಕಳಿಸಿದ್ದ. ಕೊರಿಯರ್‌ನವನು ಗೇಟಿನಾಚೆಯಿಂದ ಒಗೆದ ಹೊಡೆತಕ್ಕೆ ಅದು ಸೀಳಿಹೋಯಿತು. "ಇನ್ನೊಂದಿದೆ ತಾಯಿ, ಕಳಿಸ್ತೀನಿ, ಅದೇ ಕೊನೇದು" ಎಂದಿದ್ದ ಮೆಕ್ಯಾನಿಕ್.

"ಕರೆದು ಕೈಗೆ ಕೊಡೋಕೆ ಏನು ಧಾಡಿ ಇವರಿಗೆ?"

"ನಿಂತು ಕರೆಯೋಕೆ ಪುರುಸೊತ್ತು ಕೊಟ್ಟವರು ಯಾರು? ಹಿಂದಿಂದ ಓಡಿಸುವವರನ್ನು ಬಿಟ್ಟು ಓಡುವವರನ್ನು ಬೈತೀರಲ್ಲ."

"ನಾನೂ ಓಡಿದ್ದೇನೆ ಕಣೇ. ಒಂದು ಕಾಗದ ಎಸೆದವನಲ್ಲ."

ಮುಖ್ಯರಸ್ತೆಯ ಜೆರಾಕ್ಸ್ ಅಂಗಡಿಯವನು ಗೋಡೆ ತುಂಬ ಬೀಗದ ಪೆಟ್ಟಿಗೆಗಳನ್ನಿಟ್ಟು ಬಾಡಿಗೆಗೆ ಕೊಡುತ್ತಿದ್ದ. ಕಾಗದ, ಪಾರ್ಸೆಲ್ ಎಲ್ಲ ಅಂಗಡಿಯ ವಿಳಾಸಕ್ಕೆ ಬರುತ್ತವೆ, ನಾವೇ ಹೋಗಿ ತರಬೇಕು. ಜೀವಮಾನವಿಡೀ ಊರಿನವರ ಬಾಗಿಲಿಗೆ ನಡೆದ ಮಾವ, ಹೆಂಡತಿಯ ಹೆಸರಲ್ಲಿ ಒಂದು ಪೆಟ್ಟಿಗೆ ಹಿಡಿದು ದಿನಾ ಅಲ್ಲಿ ಹಾಜರಾಗತೊಡಗಿದರು.

"ಊಟ ಮಾಡಿ ಬರ್ತೀನಿ, ಸ್ವಲ್ಪ ನೋಡ್ಕೊಳ್ಳಿ ಮಾವ" ಎಂದು ಒಂದು ದಿನ ಅಂಗಡಿಯವನು ಎದ್ದುಹೋದ. ಅಷ್ಟರಲ್ಲೇ ಬಂತು ಅಂಚೆಯ ರಾಶಿ. ಮಾವ ಹೆಸರುಗಳನ್ನು ಓದಿದರು. ಎಲ್ಲರೂ ಗೊತ್ತಿದ್ದವರೇ. ಮೂಲೆಮನೆಯ ಹಲ್ಲಿನ ಡಾಕ್ಟರು. ನೀಲಿ ಗೇಟಿನ ಸಂಗೀತದ ಟೀಚರು. ಎರಡು ಹೆಜ್ಜೆ ಆಚೆ ಇರುವವರು ಇಲ್ಲಿವರೆಗೆ ಬರಬೇಕೆ? ಶಟರ್ ಎಳೆದರು, ಚೀಲ ತುಂಬಿದರು, ಸೈಕಲ್ ಹತ್ತಿದರು.

ಆಹಾ, ಅದೇನು ಸುಖ. ಬೆಲ್ ಹೊಡೆದರೆ ಬಾಗಿಲು ತೆರೆಯುತ್ತಿತ್ತು. "ಅಯ್ಯೋ ಮಾವ, ಎಷ್ಟು ದಿನವಾಯ್ತು ನಿಮ್ಮ ಬೆಲ್ ಕೇಳಿ!" ಎಂದು ನೀರು ಕೊಡುತ್ತಿದ್ದರು. ಅಂಚೆ ಮನೆಗೆ ಬರಬಾರದೆಂದೇ ಜನ ಪೆಟ್ಟಿಗೆ ಹಿಡಿಯುತ್ತಾರೆಂಬ ಸಣ್ಣ ವಿಷಯ ಮಾವನ ದೊಡ್ಡ ಮನಸ್ಸಿಗೆ ಹೊಳೆಯಲಿಲ್ಲ.

ಡಾಕ್ಟರ ಹೊಸ ವಿಗ್ಗು ಅವರ ಅತ್ತೆಯ ಕೈ ಸೇರಿತು. ಟೀಚರಿಗೆ ಬಂದ ಪ್ರೇಮಪತ್ರ ಅವರಪ್ಪನ ಕೈಗೆ. ಸಕ್ಕರೆ ಕಾಯಿಲೆಯ ವಕೀಲರ ಚಾಕೊಲೇಟ್ ಡಬ್ಬ ಸಾಕ್ಷಾತ್ ವಕೀಲರ ಹೆಂಡತಿಗೆ. ಸಂಜೆಯ ಹೊತ್ತಿಗೆ ಅಷ್ಟೂ ಜನ ಮಾವನ ಅಂಗಳದಲ್ಲಿದ್ದರು. ಅಂಗಡಿಯವನು ಪೆಟ್ಟಿಗೆಯ ಬೀಗದಕೈ ಕಿತ್ತುಕೊಂಡು ಹೋದ.

ಎಲ್ಲರೂ ಉಗಿದು ಹೋದಮೇಲೆ ಹೆಂಡತಿ ಕೇಳಿದಳು. "ನನ್ನ ಪಾರ್ಸೆಲ್ ಬಂತಾ?"

"ಬಂತು. ಕೊಟ್ಟೆ."

"ಯಾರಿಗೆ?"

ಮಾವನ ಮುಖ ಬಾಡಿತು. ಮೆಕ್ಯಾನಿಕ್ ಹಳೇ ರೂಢಿಯಲ್ಲಿ ಅವಳ ತವರಿನ ಹೆಸರು ಬರೆದಿದ್ದ. ಆ ಹೆಸರು ಓದಿದ್ದೇ ತಡ, ಸೈಕಲ್ ತಾನಾಗಿ ಅವಳಪ್ಪನ ಮನೆಗೆ ತಿರುಗಿತ್ತು. ಆ ಮನೆ ಮಾರಿ ಎಷ್ಟೋ ಕಾಲವಾಗಿತ್ತು.

"ಕೈಗೆ ಕೊಟ್ರಾ?"

"ಗೇಟಿಗೆ ಬೀಗ ಇತ್ತು. ಇನ್ನೂ ಅರ್ಧ ಚೀಲ ಬಾಕಿ ಇತ್ತು. ಪುರುಸೊತ್ತಿರಲಿಲ್ಲ."

"ಅಂದ್ರೆ?"

"ಒಗೆದೆ."

ಹೆಂಡತಿ ಅವರ ಮೀಸೆಯನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟಿದಳು. "ನಡೀರಿ."

ಆ ಗೇಟಿಗೆ ಇನ್ನೂ ಬೀಗವಿತ್ತು. ಒಳಗೆ, ಅವಳಮ್ಮ ನೆಟ್ಟ ದಾಸವಾಳದ ಕವಲಿನಲ್ಲಿ ಪಾರ್ಸೆಲ್ ಸಿಕ್ಕಿಕೊಂಡಿತ್ತು. ನೆಲ ಮುಟ್ಟಿರಲಿಲ್ಲ. ಅವಳು ಗೇಟಿನ ಸರಳು ಹಿಡಿದು ಒಳಗೆ ನೋಡಿದಳು.

"ಮದುವೆಗೆ ಮುಂಚೆ ಕಾಗದ ಇಲ್ಲದ ದಿನವೂ ಇಲ್ಲಿ ಬೆಲ್ ಹೊಡೀತಿದ್ರಲ್ಲ. ಅಪ್ಪ ಯಾರದು ಅಂತ ಗದರಿದರೆ ಒಂದೇ ಮಾತು ಹೇಳಿ ಖಾಲಿ ಚೀಲ ತಡಕುತ್ತಿದ್ರಿ."

"ಅದೆಲ್ಲ ಈಗ ಯಾಕೆ?"

"ಯಾಕೂ ಇಲ್ಲ. ಹತ್ತಿ."

ಮಾವ ಹತ್ತಿದರು, ಇಳಿದರು, ಪಾರ್ಸೆಲ್ ತೆಗೆದು ಕಂಕುಳಲ್ಲಿಟ್ಟು ಮತ್ತೆ ಹತ್ತಿದರು. ಒಂದು ಕಾಲು ಆಚೆ, ಒಂದು ಕಾಲು ಈಚೆ ಇರುವಾಗ ಬೀದಿಯಲ್ಲಿ ಆ ಮನೆಯವರು ಬಂದು ನಿಂತರು.

"ಯಾರ್ರೀ ಅದು?"

ಮಾವನ ಬಾಯಿಂದ ಹೊರಟದ್ದು ಅಂದಿನ ಅದೇ ಒಂದು ಮಾತು.

"ಪೋಸ್ಟ್."