ಸುದ್ದಿಯ ಮೂಲ

2021ರ ಬೇಸಿಗೆಯಲ್ಲಿ ಕರಜಗಿಯ ನಮ್ಮ ಓಣಿಯವರು ಕೊರೊನಾ ಲಸಿಕೆಗೆ ಬಾಗಿಲು ಹಾಕಿಕೊಂಡರು. ಅದಕ್ಕೆ ಕಾರಣ ನಾನು. ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ಕುಳಿತು ವದಂತಿಗಳನ್ನು ಹೊಡೆದುಹಾಕಿದವನು ಒಂದನ್ನು ಸ್ವಂತವಾಗಿ ಹುಟ್ಟಿಸಿದ್ದನ್ನು ಒಪ್ಪಿಕೊಳ್ಳಲೇಬೇಕು.

ಅವ್ವನಿಗೆ ಎಪ್ಪತ್ತು ದಾಟಿತ್ತು, ಶುಗರ್ ಬೇರೆ. ಅವಳಿಗೆ ಬೇಗ ಲಸಿಕೆ ಆಗಲಿ ಎಂಬುದು ನನ್ನ ಚಿಂತೆ. ಅವಳು, "ಮದಲ ಮೆಹಬೂಬ್‌ಬೀ ಹಾಕ್ಕೊಳ್ಳಲಿ, ಆಮ್ಯಾಲೆ ನೋಡೂಣು" ಎಂದಳು. ಎದುರುಮನೆಯ ಮೆಹಬೂಬ್‌ಬೀ ಚಾಚಿಯನ್ನು ಕೇಳಿದರೆ, "ಸೂಜಿ ಹಾಕ್ಕೊಂಡವ್ರಿಗೆ ಏನೇನೋ ಆಗಾಕತ್ತದಂತ ಬೇಟಾ" ಎಂದರು. ಯಾರು ಹೇಳಿದರು, ಯಾರಿಗೆ ಆಯಿತು ಎಂದು ಕೆದಕುವುದು ನನ್ನ ವೃತ್ತಿಯ ಚಟ. ನೋಟ್‌ಬುಕ್ ತೆಗೆದು, ಸುದ್ದಿಮನೆಯ ಗತ್ತಿನಲ್ಲಿ ಕೇಳಿದೆ: "ಇದಕ್ಕ ಮೂಲ ಏನ್ ಚಾಚಿ?"

ಓಣಿಯಲ್ಲಿ ಮೂಲ ಎಂದರೆ ಮೂಲವ್ಯಾಧಿ. ಅದು ನನಗೆ ಮರೆತೇಹೋಗಿತ್ತು. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು: ಸೂಜಿ ಹಾಕಿಸಿಕೊಂಡರೆ ಮೂಲ ಆಗುತ್ತದೆ, ಪೇಪರಿನವರೇ ಬರೆದುಕೊಂಡು ಹೋಗಿದ್ದಾರೆ.

ಮರುದಿನ ಆಶಾ ಕಾರ್ಯಕರ್ತೆ ಶಾಂತಾಬಾಯಿ ಬಂದರು. "ಅಣ್ಣಾರ, ಏನ್ ಹೇಳೀರಿ ಇವ್ರಿಗೆ? ನನ್ನ ನೋಡಿ ಅಗಳಿ ಹಾಕ್ಕೊಳ್ಳಾಕತ್ತಾರ."

ತಪ್ಪೊಪ್ಪಿಗೆಯನ್ನು ಮನೆಮನೆಗೆ ಹೋಗಿ ಪ್ರಕಟಿಸಿದೆ. ಮೂಲ ಅಂದರೆ ರೋಗವಲ್ಲ, ಸುದ್ದಿಗೆ ಆಧಾರ, ಎಂದು ಬಿಡಿಸಿ ಹೇಳಿದೆ.

"ಹಂಗಾದ್ರ ಮೂಲಕ್ಕೂ ಆಧಾರ್ ಕಾರ್ಡ್ ಬೇಕೇನು?" ಎಂದು ಚಾಚಿ ಕೇಳಿದರು.

ಅವ್ವ ಎಲ್ಲವನ್ನೂ ಕೇಳಿಸಿಕೊಂಡು, "ನೀ ಹಾಕ್ಕೊಂಡೀಯೇನಲೇ?" ಎಂದಳು. ಹಾಕಿಸಿಕೊಂಡಿರಲಿಲ್ಲ. ಲಸಿಕೆಯ ಬಗ್ಗೆ ಬರೆಯುವುದರಲ್ಲೇ ಪುರುಸೊತ್ತಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಿಜವೆಂದರೆ ಸೂಜಿ ಕಂಡರೆ ನನಗೆ ಬೆವರು ಬರುತ್ತದೆ. "ಮದಲ ನೀ ಹಾಕ್ಕೊ. ಆಮ್ಯಾಲೆ ಕಟ್ಟಿ ಮ್ಯಾಲೆ ಕುಂತು ತೋರಸು. ಆಗ ನಾ ಹೋಗ್ತೇನಿ" ಎಂದಳು ಅವ್ವ.

ಕಣ್ಣು ಮುಚ್ಚಿ ಹಾಕಿಸಿಕೊಂಡೆ. ಓಣಿಯ ಕಲ್ಲುಕಟ್ಟೆಯ ಮೇಲೆ ಎಲ್ಲರ ಎದುರು ಕುಳಿತೆ. ನಮ್ಮ ಕಡೆಯ ಬಿಸಿಲು, ಕಲ್ಲು ಕಾದಿತ್ತು. ಒಂದಿಷ್ಟು ಮಿಸುಕಾಡಿದೆ.

"ನೋಡ್ರಿ, ಶುರು ಆತು" ಎಂದರು ಚಾಚಿ.

ಆಮೇಲೆ ಒಂದು ತಾಸು ಅಲುಗಾಡಲಿಲ್ಲ. ಅವ್ವ ನನ್ನ ಸುತ್ತ ಒಮ್ಮೆ ಬಂದು, ಎಬ್ಬಿಸಿ, ಮತ್ತೆ ಕೂಡಿಸಿ ನೋಡಿ, ಸೆರಗು ಹೊದ್ದು ಶಾಂತಾಬಾಯಿಯ ಜೊತೆ ನಡೆದಳು. ಅವಳ ಹಿಂದೆ ಚಾಚಿ, ಚಾಚಿಯ ಹಿಂದೆ ಓಣಿ.

ಅವ್ವ ಆರಾಮಾಗಿದ್ದಾಳೆ. ಕಳೆದ ವಾರ ಮೆಹಬೂಬ್‌ಬೀ ಚಾಚಿಯ ಮೊಮ್ಮಗಳ ಮದುವೆಯಿತ್ತು. ಬಂದವರಿಗೆಲ್ಲ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನನ್ನ ಕುರ್ಚಿಯ ಮೇಲೆ ದಿಂಬು ಇತ್ತು.