ಹೊಸ ಮನೆಯ ಮುಂದೆ ಹನ್ನೊಂದು ಎಕ್ಕೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಾನ್ವಿಯಲ್ಲಿ ನಮ್ಮ ಸೋದರಮಾವನ ಹೊಸ ಮನೆಯ ಬಾಗಿಲ ಮುಂದೆ ಎಕ್ಕೆ ಗಿಡ ನೆಟ್ಟವನು ನಾನೇ. ಒಂದಲ್ಲ, ಹನ್ನೊಂದು. ಅದೂ ದಾರ ಕಟ್ಟಿ, ಅಳತೆ ನೋಡಿ, ಸಾಲಾಗಿ. ಯಾರೋ ಹೇಳಿಕೊಟ್ಟರು, ಗ್ರಹಗತಿ ಕೆಟ್ಟಿತ್ತು ಎಂದು ಜಾರಿಕೊಳ್ಳುವ ಜಾಯಮಾನ ನನ್ನದಲ್ಲ. ಆದರೆ ಗಿಡಗಳು ಚೆಂದ ಇದ್ದವು ಎಂಬ ಮಾತಿನಿಂದ ನಾನು ಇವತ್ತಿಗೂ ಒಂದಿಂಚು ಹಿಂದೆ ಸರಿದಿಲ್ಲ. ಸರಿಯುವುದೂ ಇಲ್ಲ.

ರಾಯಚೂರಿನ ಬೈಪಾಸಿನಲ್ಲಿ ನನ್ನದೊಂದು ಸಣ್ಣ ನರ್ಸರಿ. ಮದುವೆ ಇನ್ನೂ ಆಗಿಲ್ಲ. ಗಿಡ ಮಾರುವುದು ಕಸುಬು, ಕಂಡವರ ದನಿ ತೆಗೆಯುವುದು ಹುಟ್ಟುಗುಣ. ಸಿಟಿ ಬಸ್ಸಿನ ಕಂಡಕ್ಟರು, ರೇಡಿಯೋದ ಕೃಷಿ ತಜ್ಞರು, ನಮ್ಮ ಓಣಿಯ ಜಗಳಗಂಟಿಯರು ಎಲ್ಲರೂ ನನ್ನ ಗಂಟಲಲ್ಲಿ ಪುಕ್ಕಟೆ ವಾಸವಾಗಿದ್ದಾರೆ. ಕನ್ನಡಿ ಮುಂದೆ ನಿಂತರೆ ನನ್ನನ್ನೂ ಅಣಕಿಸಿಕೊಳ್ಳುತ್ತೇನೆ. ಅದೊಂದೇ ಸರಿಯಾಗಿ ಬರುವುದಿಲ್ಲ.

ನಮ್ಮೂರಲ್ಲಿ ಅನುಕೂಲಸ್ಥರು ಮನೆ ಮುಂದೆ ಹುಲ್ಲುಹಾಸು ಹಾಕಿಸುತ್ತಾರೆ. ಏಪ್ರಿಲ್‌ನಲ್ಲಿ ಅದು ಹಪ್ಪಳವಾಗುತ್ತದೆ. ಮನೆಯವರಿಗೆ ಕುಡಿಯಲು ಒಂದು ಟ್ಯಾಂಕರ್, ಹುಲ್ಲು ಕುಡಿಯಲು ಇನ್ನೊಂದು! ಇದರ ವಿರುದ್ಧ ನಾನು ಏಕಾಂಗಿಯಾಗಿ ಒಂದು ಸಿದ್ಧಾಂತ ಮಂಡಿಸಿದ್ದೆ. ಈ ನೆಲದಲ್ಲಿ ಯಾರನ್ನೂ ಕೇಳದೆ ಹುಟ್ಟಿ, ಯಾರ ಹಂಗೂ ಇಲ್ಲದೆ ಹೂ ಬಿಡುವ ಪೊದೆಗಳೇ ನಮ್ಮ ತೋಟಕ್ಕೆ ಸರಿ. ಹಳದಿ ಬೇಕೆಂದರೆ ತಂಗಡಿ, ನೀಲಿ ಬೇಕೆಂದರೆ ಗೋರಂಟಿ, ಮದರಂಗಿಯದಲ್ಲ, ಹೂವಿನದು. ಸಿದ್ಧಾಂತ ಕೇಳಿದವರೆಲ್ಲ ಮೆಚ್ಚಿ, ಗುಲಾಬಿ ಕುಂಡ ಕೊಂಡು ಹೋಗುತ್ತಿದ್ದರು.

ಮಾವ ಮಾತ್ರ ಒಪ್ಪಿದರು. ಅವರದು ಮಾನ್ವಿಯಲ್ಲಿ ಅಕ್ಕಿ ವ್ಯಾಪಾರ. ದೀಪಾವಳಿ ಕಳೆದ ಮೇಲೆ ಮನೆ ಓಪನಿಂಗ್ ಇಟ್ಟುಕೊಂಡಿದ್ದರು. ಆ ದಿನ ಅವರ ಗೆಳೆಯರಾದ ಮೂವರು ರೈಸ್ ಮಿಲ್ ಸಾಹುಕಾರರು ಬರುವವರಿದ್ದರು. ಮೂವರದೂ ದೊಡ್ಡ ಅಂಗಳ. ಈ ತೋಟ ಮೆಚ್ಚಿಗೆಯಾದರೆ ಆ ಮೂರೂ ಅಂಗಳ ನನ್ನವು. ಕೆಟ್ಟರೆ ನರ್ಸರಿಗೆ ಬೀಗ ಹಾಕಿ, ಮಾವ ಹೇಳಿಟ್ಟಿದ್ದ ಹತ್ತಿ ಜಿನ್ನಿಂಗ್ ಮಿಲ್ಲಿನ ಗುಮಾಸ್ತನ ಕುರ್ಚಿಯಲ್ಲಿ ಕೂರಬೇಕು. ಇದು ಅವರ ಕರಾರು.

"ನೋಡಪಾ, ಓಪನಿಂಗ್ ದಿನ ನನಗ ಹೂವು ಕಾಣಬೇಕು. ನಿನ್ನ ಭಾಷಣ ಅಲ್ಲ" ಎಂದರು.

ಇದೇನು ಮಹಾ! ಗೂಡ್ಸ್ ಆಟೋ ಮಾಡಿಕೊಂಡು ದೇವದುರ್ಗದ ದಾರಿ ಹಿಡಿದೆ. ಗಬ್ಬೂರಿನ ಆಚೆ ಬೀಳು ನೆಲದ ತುಂಬ ತಂಗಡಿ ಹೂ ಬಿಟ್ಟು ಬಂಗಾರದ ಅಂಗಡಿಯಂತೆ ಹೊಳೆಯುತ್ತಿತ್ತು. ಹಾರೆ ಹಾಕಿ ನಲವತ್ತು ಪೊದೆ ಎಬ್ಬಿಸಿದೆ. ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿದಳು. ಆಮೇಲೆ, "ಯಪ್ಪಾ, ತಂಗಡಿ ಬೇರು ನಿನಗಿಂತ ಉದ್ದ ಇರ್ತದ. ಅರ್ಧಕ್ಕ ಕಡದು ಒಯ್ದ್ರ ಹೆಣಾ ಒಯ್ದಂಗ. ಬೀಜಾ ಹಾಕು" ಎಂದಳು.

ನಾನು ರೇಡಿಯೋ ತಜ್ಞರ ದನಿ ತೆಗೆದು, ರೈತ ಬಾಂಧವರೇ ಎಂದು ಶುರುಮಾಡಿ, ಬೇರು ವ್ಯವಸ್ಥೆಯ ಬಗ್ಗೆ ಐದು ನಿಮಿಷ ಉಪನ್ಯಾಸ ಕೊಟ್ಟೆ. ಆಕೆ ನಕ್ಕಳು. ನಕ್ಕಿದ್ದು ನನ್ನ ಕಲೆಗಲ್ಲ, ನನಗೆ ಎಂಬುದು ಮೂರನೇ ದಿನ ತಿಳಿಯಿತು. ನಲವತ್ತೂ ಒಣಗಿ, ಸತ್ತವರ ಮನೆಗೆ ಬಂದ ನೆಂಟರಂತೆ ತಲೆ ಬಾಗಿಸಿ ನಿಂತಿದ್ದವು.

ಉಳಿದದ್ದು ನರ್ಸರಿಯಿಂದ ತಂದ ಗೋರಂಟಿ. ಅದಕ್ಕೆ ನಾಲ್ಕು ದಿನಕ್ಕೊಮ್ಮೆ ಒಂದು ಚೊಂಬು ನೀರು ಸಾಕು. ಆದರೆ ನಾನಿಲ್ಲದಾಗ ನೀರು ಹಾಕಬೇಕಾದ, ಮನೆ ಕಟ್ಟುತ್ತಿದ್ದ ಗೌಂಡಿ ಖಾಜಾಸಾಬ್ ಮಾವನ ಮಾತೊಂದನ್ನು ಬಿಟ್ಟು ಬೇರೆಯವರದನ್ನು ಕೇಳುವ ಆಸಾಮಿಯಲ್ಲ. ಆತನ ಫೋನಿನ ಪರದೆ ಒಡೆದು ಯಾರ ಹೆಸರೂ ಕಾಣುತ್ತಿರಲಿಲ್ಲ. ಅದಕ್ಕೇ ಮಾವನ ದನಿಯಲ್ಲಿ ಫೋನ್ ಮಾಡಿ, ಅವರಂತೆಯೇ ಮೂರು ಸಲ ಕೆಮ್ಮಿ, ಗಿಡಕ್ಕೆ ನೀರು ಬಿಡು, ನಾನು ಸಾಕು ಅನ್ನುವ ತನಕ ಬಿಡು ಎಂದೆ. ಕೆಮ್ಮು ಅಷ್ಟು ಚೆನ್ನಾಗಿ ಬಂದ ಖುಷಿಯಲ್ಲಿ ನಾಲ್ಕು ದಿನಕ್ಕೊಮ್ಮೆ ಎಂಬುದನ್ನು ಹೇಳಲು ಮರೆತೆ.

ಎರಡು ದಿನ ಬಿಟ್ಟು ಹೋದರೆ ಎರೆ ಮಣ್ಣಿನ ಅಂಗಳ ಭತ್ತದ ಗದ್ದೆಯಾಗಿತ್ತು. ಪೈಪು ಇನ್ನೂ ಹರಿಯುತ್ತಿತ್ತು. ನಿಲ್ಲಿಸು ಎಂದರೆ ಖಾಜಾಸಾಬ್, ಸಾಹುಕಾರರು, ಅಂದರೆ ಮಾವ, ಹೇಳಬೇಕು ಎಂದ. ಮೊನ್ನೆ ಹೇಳಿದ್ದು ನಾನೇ ಎಂದೆ. ನಂಬಲಿಲ್ಲ. ಸಾಕ್ಷಿಗೆಂದು ಅಲ್ಲೇ ಮಾವನಂತೆ ಕೆಮ್ಮಿ ಮಾತಾಡಿ ತೋರಿಸಿದೆ. ಆತ ತಲೆದೂಗಿದ. ಇದರಿಂದ ಆತನಿಗೆ ಗೊತ್ತಾದದ್ದು ಇಷ್ಟು: ಮೊನ್ನೆ ಬಂದದ್ದು ಖರೇ ಫೋನು, ಇನ್ನು ಮುಂದೆ ಬರುವುದೆಲ್ಲ ನನ್ನದು!

ನಾನು ವಿಷಯ ತಿಳಿಸಿದ ಮೇಲೆ ಸಂಜೆ ನಿಜವಾದ ಮಾವನೇ ಆತನಿಗೆ ಫೋನ್ ಮಾಡಿ ನೀರು ನಿಲ್ಲಿಸಲು ಹೇಳಿದರು. ಖಾಜಾಸಾಬ್ ಅವರಿಗೆ ಕೊಟ್ಟ ಉತ್ತರವನ್ನು ಮಾವ ನನಗೆ ಅಕ್ಷರ ಬಿಡದೆ ಒಪ್ಪಿಸಿದರು: "ಲೇ ತಮ್ಮಾ, ಸಾಹುಕಾರ್ರ ದನಿ ತಗೀಬ್ಯಾಡ. ಆ ಕೆಮ್ಮು ನಿನಗ ಬರಂಗಿಲ್ಲ. ಫೋನ್ ಇಡು."

ಅವರು ಖುದ್ದು ಬಂದು ನಲ್ಲಿ ಬಂದ್ ಮಾಡುವ ಹೊತ್ತಿಗೆ ಗೋರಂಟಿ ಕೊಳೆತಿತ್ತು. ಮಾವ ಬೈಯಲಿಲ್ಲ. ಜಿನ್ನಿಂಗ್ ಮಿಲ್ಲಿನಲ್ಲಿ ಕುರ್ಚಿ ಇನ್ನೂ ಖಾಲಿ ಇದೆ ಎಂದಷ್ಟೇ ಹೇಳಿ ಹೋದರು. ಓಪನಿಂಗ್‌ಗೆ ಎರಡು ದಿನ ಉಳಿದಿತ್ತು.

ಸೋಲುವ ಮಗನಲ್ಲ ನಾನು. ಮರುದಿನ ರಸ್ತೆ ಬದಿಯಲ್ಲಿ, ಹಾಳು ಗೋಡೆಯೊಂದರ ಪಕ್ಕ, ಎಕ್ಕೆ ಕಂಡಿತು. ನೀರಿಲ್ಲ, ಗೊಬ್ಬರವಿಲ್ಲ, ದನ ಮುಟ್ಟುವುದಿಲ್ಲ, ಆದರೂ ಮೈತುಂಬ ನೇರಳೆ ಹೂ. ನನ್ನ ಸಿದ್ಧಾಂತವೇ ಗಿಡವಾಗಿ ಎದುರು ನಿಂತಂತಾಯಿತು! ಈ ಸಲ ಆಳವಾಗಿ ಅಗೆದು, ಬೇರಿಗೆ ಗೋಣಿಚೀಲ ಸುತ್ತಿ ಹನ್ನೊಂದನ್ನು ತಂದೆ. ನೆಟ್ಟು, ಸುತ್ತ ಬಿಳಿ ಹರಳು ಹಾಸಿದೆ. ಓಪನಿಂಗ್ ದಿನ ಬೆಳಿಗ್ಗೆ ನೋಡಿದರೆ ಒಂದೂ ಬಾಡಿಲ್ಲ. ಆಹಾ!

ಎಕ್ಕೆ ಹುಟ್ಟುವುದು ಪಾಳುಬಿದ್ದ ಮನೆಯಲ್ಲಿ. ಅದಕ್ಕೇ ನಮ್ಮ ಕಡೆ ಸಿಟ್ಟಿಗೆದ್ದ ಹೆಂಗಸರು ನಿನ್ನ ಮನೆಯಲ್ಲಿ ಎಕ್ಕೆ ಹುಟ್ಟಲಿ ಎಂದು ಶಪಿಸುತ್ತಾರೆ. ಈ ಬೈಗುಳವನ್ನು ಓಣಿಯ ಹೆಂಗಸರ ದನಿಯಲ್ಲಿ ನೂರು ಸಲ ಆಡಿ ಚಪ್ಪಾಳೆ ಗಿಟ್ಟಿಸಿದವನು ನಾನು. ದನಿ ಕಲಿತೆ. ಮಾತು ಕೇಳಿಸಿಕೊಂಡಿರಲಿಲ್ಲ. ಬಿಳಿ ಎಕ್ಕೆಯಾಗಿದ್ದರೆ ಗಣಪತಿಯ ಹೆಸರು ಹೇಳಿ ಪಾರಾಗಬಹುದಿತ್ತು. ಬಣ್ಣದ ಆಸೆಗೆ ಆರಿಸಿ ಆರಿಸಿ ನೇರಳೆ ತಂದಿದ್ದೆ.

ಮಾವನ ತಾಯಿ, ಅಂದರೆ ನನ್ನ ಅಜ್ಜಿ, ಕಾರಿನಿಂದ ಇಳಿದು ಗೇಟಿನಲ್ಲೇ ನಿಂತಳು. ಆಕೆಯ ಹಿಂದೆ ಮಾವ, ಅತ್ತೆ, ಕಳಸ ಹಿಡಿದ ಮುತ್ತೈದೆಯರು, ಮೂವರು ಸಾಹುಕಾರರು, ಎಲ್ಲರೂ ನಿಂತರು. ಒಬ್ಬರೂ ಒಳಗೆ ಕಾಲಿಡಲಿಲ್ಲ. ಪೂಜೆಯ ಅಯ್ಯನವರು ಗಡಿಯಾರ ನೋಡಿ, ಮುಹೂರ್ತ ಮೀರುತ್ತದೆ ಎಂದರು. ಹೊಸ ಮನೆಯೊಳಗೆ ಆಗ ಇದ್ದದ್ದು ಖಾಜಾಸಾಬ್ ಒಬ್ಬನೇ.

ಕ್ಷಮೆ ಕೇಳಿದ್ದರೆ ಮುಗಿಯುತ್ತಿತ್ತು. ನಾನು ಭಾಷಣ ಮಾಡಿದೆ. ಮೊದಲ ಸಲ ನನ್ನದೇ ದನಿಯಲ್ಲಿ. ಈ ಗಿಡಕ್ಕೆ ಹನಿ ನೀರು ಬೇಡ, ಚಿಟ್ಟೆ ಬರುತ್ತವೆ, ಬಿಸಿಲಿಗೆ ಅಂಜುವುದಿಲ್ಲ ಎಂದೆ. ಗೇಟಿನಲ್ಲಿ ಒಂದು ತಲೆಯೂ ಆಡಲಿಲ್ಲ. ಕೊನೆಗೆ ಕಟ್ಟಕಡೆಯ ಬಾಣ ಬಿಟ್ಟೆ: "ಶನಿವಾರಕ್ಕೊಮ್ಮೆ ಹನುಮಪ್ಪನ ಕೊಳ್ಳಿಗೆ ಇದರ ಹಾರಾನೇ ಹಾಕ್ತೀರಿ. ದೇವರ ಕೊಳ್ಳಾಗ ಚಲೋ ಇದ್ದದ್ದು ಮಾವನ ಅಂಗಳದಾಗ ಹೆಂಗ ಕೆಟ್ಟತು?"

ಒಬ್ಬ ಸಾಹುಕಾರರು ಗದ್ದ ಕೆರೆದುಕೊಂಡರು. ಇನ್ನೊಬ್ಬರು ಅರ್ಧ ಹೆಜ್ಜೆ ಮುಂದಿಟ್ಟರು. ಗೆದ್ದೆ ಅಂದುಕೊಂಡೆ. ಆಗ ಅಜ್ಜಿ ಬಾಯಿ ಬಿಟ್ಟಳು.

ಹತ್ತು ನಿಮಿಷದಲ್ಲಿ, ಹೊಸ ಅಂಗಿ ತೊಟ್ಟುಕೊಂಡೇ, ಹನ್ನೊಂದನ್ನೂ ನಾನೇ ಕಿತ್ತೆ. ಮೂರೂ ಅಂಗಳ ಕೈಬಿಟ್ಟವು. ಈಗ ಅಲ್ಲಿ ಹುಲ್ಲುಹಾಸು ಹಪ್ಪಳವಾಗುತ್ತಿದೆ. ಕರಾರು ಮುರಿದು ನಾನಿನ್ನೂ ನರ್ಸರಿಯಲ್ಲೇ ಇದ್ದೇನೆ. ಕುರ್ಚಿಯಲ್ಲಿ ಬೇರೆ ಯಾರೋ ಕೂತರಂತೆ, ಸುಖವಾಗಿರಲಿ. ಊರಿನ ಎಲ್ಲರ ದನಿ ತೆಗೆಯುವ ನನಗೆ ಅಜ್ಜಿಯ ಆ ಮಾತನ್ನು ಆಕೆಯ ದನಿಯಲ್ಲಿ ಹೇಳಲು ಮಾತ್ರ ನಾಲಿಗೆ ಹೊರಳುವುದಿಲ್ಲ. ಬರೆದು ತೋರಿಸುತ್ತೇನೆ:

"ಲೇ, ಹನುಮಪ್ಪಗ ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಕಾಲಿಡಾಕ ಹೊಸ ಮನಿ ಇಲ್ಲ. ಅವಗ ಎಕ್ಕಿ ನಡೀತದ. ನೀನೂ ಹಂಗೇ ಇರಾವಿದ್ರ ಗಿಡಾ ಬಿಡು, ಇಲ್ಲಂದ್ರ ಸಲಿಕಿ ತಗೋ."